ಮೇಕೆ ಬೆಡಗಿನವನು ಕಳಿಸಿದ ತಟ್ಟೆ

ಬನಾ ಕಪೇಯ ಒಂದು ಸಲ ನೀರಾನೆಗೆ ಮುದ್ದೆಕೋಲಲ್ಲಿ ಬಾರಿಸಿದ್ಲು, ಆ ನೀರಾನೆ ಇವತ್ತಿಗೂ ಕುಂಟ್ತಾ ಓಡಾಡುತ್ತೆ. ಇದು ಅವಳೇ ಹೇಳೋ ಮಾತು. ಅರ್ಧ ಸುಳ್ಳು ಅಂತಾನೂ ಅವಳೇ ಹೇಳ್ತಾಳೆ. "ನೀರಾನೆ ನಿಜ, ಕೋಲೂ ನಿಜ. ಎರಡೂ ಸೇರಿದ ಜಾಗದಲ್ಲಿ ಮಾತ್ರ ಒಂಚೂರು ಉಪ್ಪು ಖಾರ ಬಿದ್ದಿದೆ" ಅಂತಾಳೆ.

ನಡೆದದ್ದು ಇಷ್ಟು. ಬೆಳಬೆಳಗ್ಗೆ, ಕಾಡು ನೋಡೋಕೆ ಬರೋ ಅತಿಥಿಗಳ ಲಾಡ್ಜಿನ ಹುಲ್ಲು ಮೇದು ನದಿಗೆ ವಾಪಸ್ ಹೊರಟಿದ್ದ ನೀರಾನೆ ದಾರಿ ತಪ್ಪಿ ಅಡುಗೆಮನೆ ಹಿಂದಕ್ಕೆ ಬಂತು. ಬನಾ ಕಪೇಯ ಕೈಲಿದ್ದ ಕೋಲು ಎಸೆದು ಓಡಿದ್ಲು. ಓಡಿದ ರಭಸಕ್ಕೆ ಒಂದು ಚಪ್ಪಲಿ ಒಲೆ ಹತ್ರ ಸಿಕ್ತು, ಇನ್ನೊಂದು ಲ್ವಾಂಗ್ವಾ ನದಿಯ ಆಚೆ ದಡದಲ್ಲಿ. ನೀರಾನೆ ಆ ಕೋಲಿನ ಮೇಲೆ ಕಾಲಿಟ್ಟು ಒಂದು ಸಲ ಜಾರಿ, ಬೇಜಾರು ಮಾಡ್ಕೊಂಡು ಹೋಯ್ತು. ಕುಂಟಿದ್ದು ಬನಾ ಕಪೇಯ, ಅದೂ ವಾರಗಟ್ಟಲೆ.

ಬನಾ ಅಂದ್ರೆ ತಾಯಿ; ಹೆಸರೇ ಹೇಳೋ ಹಾಗೆ ಅವಳು ಕಪೇಯನ ತಾಯಿ. ಗಂಡ ತೀರ್ಕೊಂಡು ಯಾವ ಕಾಲವಾಯ್ತೋ. ಲಾಡ್ಜಿನಲ್ಲಿ ಎರಡು ಅಡುಗೆಮನೆ. ಒಂದು ಬಿಳೀ ಟೋಪಿಯವನದ್ದು, ಅಲ್ಲಿ ಅತಿಥಿಗಳಿಗೆ ಇಷ್ಟೇ ಇಷ್ಟು ಊಟವನ್ನ ಇಷ್ಟು ದೊಡ್ಡ ತಟ್ಟೆಲಿ ಇಡ್ತಾರೆ. ಇನ್ನೊಂದು ಹಿಂದುಗಡೆ, ಹುಲ್ಲಿನ ಚಪ್ಪರದ್ದು, ಕೆಲಸದೋರಿಗೆ. ಅದು ಬನಾ ಕಪೇಯಳ ರಾಜ್ಯ. ದಿನಾ ಜೋಳದ ಹಿಟ್ಟಿನ ಮುದ್ದೆ, ಕಡಲೆಕಾಯಿ ಪುಡಿ ಹಾಕಿದ ಕುಂಬಳ ಸೊಪ್ಪು, ಒಣಮೀನು. ಅವಳ ಪಾತ್ರೆ ಎಷ್ಟು ದೊಡ್ಡದು ಅಂದ್ರೆ, ಅದನ್ನ ತೊಳೆಯೋಕೆ ಒಳಗೆ ಇಳಿದ ಪುಟ್ಟ ಹುಡುಗಿ ಮದುವೆ ವಯಸ್ಸಾದ ಮೇಲೆ ಹೊರಗೆ ಬಂದ್ಲಂತೆ. ಇದೂ ಅವಳೇ ಹೇಳಿದ್ದು, ಎಷ್ಟು ಬೇಕೋ ಅಷ್ಟು ನಂಬಿ.

ಆ ಚಪ್ಪರಕ್ಕೆ ಪ್ರಾಣಿಗಳು ಬರ್ತಾನೇ ಇರ್ತವೆ. ಮಾವು ಬಿಡೋ ಕಾಲಕ್ಕೆ ಆನೆ ಬಂದು ಗೋಡೆಗೆ ಬೆನ್ನು ತಿಕ್ಕಿದ್ರೆ ಕಪಾಟಿನ ಲೋಟಗಳೆಲ್ಲ ಮಾತಾಡ್ತವೆ. ಬಬೂನ್ ಕೋತಿಗಳಿಗೆ ಹಿಟ್ಟಿನ ಚೀಲ ಯಾವ ದಿನ ಬಿಚ್ತಾರೆ ಅಂತ ಗೊತ್ತು, ಬನಾ ಕಪೇಯಳಿಗೆ ಎಷ್ಟೋ ಸಲ ಮರೆತು ಹೋಗಿರುತ್ತೆ. ಒಂದು ಕೋತಿ ಅವಳ ತಲೆವಸ್ತ್ರ ಎತ್ಕೊಂಡು ಹೋಗಿ, ಅದನ್ನ ಕಟ್ಕೊಂಡು ಮರದ ಮೇಲೆ ಕೂತಿತ್ತು. "ನನಗಿಂತ ಅದಕ್ಕೇ ಚೆನ್ನಾಗಿ ಒಪ್ತಿತ್ತು ಕಣ್ರೋ, ಅದಕ್ಕೇ ಬಿಟ್ಟುಬಿಟ್ಟೆ" ಅಂದಿದ್ಲು.

ಒಂದೇ ಒಂದು ಪ್ರಾಣಿ ಮಾತ್ರ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಚಿರತೆ. ಅವಳು ಹುಟ್ಟಿದ್ದೇ ಚಿರತೆ ಬೆಡಗಿನಲ್ಲಿ, ಅಂದ್ರೆ ತಾಯಿ ಕಡೆಯಿಂದ ಬರೋ ಚಿರತೆ ಕುಲದಲ್ಲಿ. ಅವಳ ಅವ್ವ ಚಿರತೆ, ಅಜ್ಜಿ ಚಿರತೆ, ಮಕ್ಕಳು ಚಿರತೆ. ಸಮುದ್ರದ ಆಚೆಯಿಂದ ವಿಮಾನ ಹತ್ತಿ ಬಂದೋರು ಒಂದೇ ಸಂಜೇಲಿ ಮೂರು ಚಿರತೆ ನೋಡಿ ಊಟಕ್ಕೆ ಕೂರ್ತಿದ್ರು. ಇವಳು ಇಲ್ಲೇ ಕೂದಲು ಹಣ್ಣು ಮಾಡ್ಕೊಂಡ್ರೂ ಒಂದರ ಬಾಲವೂ ಕಂಡಿಲ್ಲ.

"ನೆಂಟರು ಕಣಪ್ಪ, ಹಂಗೇ," ಅಂತಿದ್ಲು. "ಎದುರಿಗೆ ಸಿಕ್ರೆ ಮುದುಕಿ ಮನೆಗೆ ಬಂದು ಉಳಿದುಬಿಡ್ತಾಳೆ ಅಂತ ಹೆದರಿ ಮರ ಹತ್ತಿಬಿಡ್ತಾರೆ."

ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗ್ತಿದ್ದೋನು ಬಾ ಮುಕುಪ. ಹೆಸರಿನ ಮುಂದೆ ಬಾ ಅಂತ ಮರ್ಯಾದೆಗೆ ಸೇರಿಸೋದು. ಅತಿಥಿಗಳಿಗೆ ಕಾಡು ತೋರಿಸೋ ಗೈಡು. ಹೆಂಡತಿ ತೀರ್ಕೊಂಡಿದ್ಲು, ಮಕ್ಕಳು ಅವರವರ ದಾರಿ ಹಿಡಿದಿದ್ರು, ಮೂಗಿನ ಕೆಳಗೆ ಬೂದಿ ಬಣ್ಣದ ಮೀಸೆ. ಅವನದ್ದು ಮೇಕೆ ಬೆಡಗು. ಚಿರತೆ ಮೇಕೇನ ತಿನ್ನುತ್ತೆ. ಅದಕ್ಕೇ ಹಿಂದಿನ ಕಾಲದಿಂದ ಈ ಎರಡು ಬೆಡಗಿನೋರಿಗೆ ಒಂದು ಸಲಿಗೆ: ಒಬ್ಬರನ್ನೊಬ್ಬರು ಎಷ್ಟು ಬೇಕಾದ್ರೂ ಬೈಬಹುದು, ಆಡ್ಕೊಬಹುದು, ಒಬ್ಬರ ಕೈಲಿರೋದನ್ನ ಇನ್ನೊಬ್ಬರು ಕಿತ್ಕೊಂಡು ಹೋಗಬಹುದು. ಸಿಟ್ಟು ಮಾತ್ರ ಬರೋ ಹಂಗಿಲ್ಲ. ಸಿಟ್ಟು ಬಂದೋನು ಊರಿಗೆಲ್ಲ ನಗೆಪಾಟಲು.

ಮಧ್ಯಾಹ್ನ ಬಾ ಮುಕುಪ ತಟ್ಟೆ ಹಿಡಿದು ಬಂದ್ರೆ ಚಪ್ಪರದಲ್ಲಿ ಎಲ್ಲರೂ ಅಗಿಯೋದು ನಿಲ್ಲಿಸಿ ಕಾಯೋರು.

"ಏ ಹಲ್ಲುದುರಿದ ಚಿರತೆ, ಇವತ್ತು ಯಾರನ್ನ ಬೇಯಿಸಿದ್ದೀಯೆ?"

"ನಿನ್ನನ್ನೇ ಬೇಯಿಸೋಣ ಅಂತಿದ್ದೆ ಮೇಕೆ. ನಿನ್ನಂಥ ಹಳೇ ಹೋತ ಬೇಯೋಕೆ ಈ ಕಾಡಿನ ಸೌದೆಯೆಲ್ಲ ಸಾಲದು ಅಂದ್ರು."

"ಬೆಳಗ್ಗೆ ನಿಮ್ಮ ಸೋದರಮಾವ ಸಿಕ್ಕಿದ್ದ, ಮರದ ಮೇಲೆ. ಸೊಸೆ ಹೆಂಗಿದ್ದಾಳೆ ಅಂತ ಕೇಳಿದ. ಇನ್ನೂ ಸೊಪ್ಪು ತಿಂತಾಳೆ ಅಂದೆ. ನಾಚಿಕೆಯಾಗಿ ಕೆಳಗೆ ಬಿದ್ದ."

"ನಿನ್ನ ಮೀಸೆ ಕಂಡು ಹೆದರಿ ಬಿದ್ದಿರ್ತಾನೆ. ಅದು ಮೀಸೆಯೋ, ಮುದ್ದೆ ತಿಂದು ಒರೆಸ್ಕೊಂಡಿಲ್ಲವೋ?"

ಲಾಡ್ಜು ನೋಡ್ಕೊಳ್ಳೋ ಮೇಡಂ ಹೊಸದಾಗಿ ಬಂದಾಗ ಇವರಿಬ್ಬರಿಗೂ ಹಗೆ ಅಂತ ತಿಳ್ಕೊಂಡು, ತನ್ನ ಕೋಣೆಗೆ ಕರೆಸಿ, ಬಿಸ್ಕತ್ತು ಕೊಟ್ಟು ರಾಜಿ ಮಾಡಿಸೋಕೆ ಹೋಗಿದ್ಲು. ಬನಾ ಕಪೇಯ ಬಾ ಮುಕುಪನ ಬಿಸ್ಕತ್ತನ್ನೂ ಕಿತ್ಕೊಂಡು ತಿಂದ್ಲು. ಅವನು ತಲೆ ತಗ್ಗಿಸಿ, "ನೋಡಿ ಮೇಡಂ, ಹಿಂಗೇ ನಮ್ಮ ವಂಶವೇ ಮುಗಿದುಹೋಯ್ತು" ಅಂದ. ಆಮೇಲೆ ಮೇಡಂ ರಾಜಿ ಪಂಚಾಯ್ತಿ ಬಿಟ್ಟುಬಿಟ್ಲು.

ಇನ್ನು ತಟ್ಟೆ ವಿಷಯಕ್ಕೆ ಬರ್ತೀನಿ.

ಅಕ್ಟೋಬರ್ ಮುಗೀತಾ ಇತ್ತು. ಮಳೆ ಬಿದ್ರೆ ಈ ಕಣಿವೆಯ ರಸ್ತೆಗಳೆಲ್ಲ ನದಿಗೆ ಸೇರ್ತವೆ, ಅದಕ್ಕೆ ಲಾಡ್ಜಿಗೆ ಬೀಗ ಬೀಳುತ್ತೆ, ಎಲ್ಲರೂ ಊರಿಗೆ ಹೋಗ್ತಾರೆ. ಬಿಸಿಲು ಹೆಂಗಿತ್ತು ಅಂದ್ರೆ ಕೋಳಿ ಬೇಯಿಸಿದ ಮೊಟ್ಟೆನೇ ಇಡ್ತಿತ್ತು. ಅಂಥ ಬಿಸಿಲಲ್ಲಿ ಬಟ್ಟೆ ಒಗೆಯೋ ಬಾ ಲೊಂಬೆ ಕೋಟು ಹಾಕ್ಕೊಂಡು, ಗುಂಡಿ ಕತ್ತಿನವರೆಗೂ ಹಾಕಿ, ಎರಡು ತಟ್ಟೆ ಹಿಡ್ಕೊಂಡು ಚಪ್ಪರಕ್ಕೆ ಬಂದ. ಒಂದರ ಮೇಲೊಂದು ಮುಚ್ಚಿದ ತಟ್ಟೆ. ನೆಲದ ಮೇಲೆ ಕೂತು, ಮೆಲ್ಲಗೆ ಚಪ್ಪಾಳೆ ತಟ್ಟಿ, ತಟ್ಟೆಗಳನ್ನ ಅವಳ ಮುಂದಕ್ಕೆ ತಳ್ಳಿದ.

"ಬಾ ಮುಕುಪ ಕಳಿಸಿದ್ದಾರೆ," ಅಂದ.

ಬನಾ ಕಪೇಯಳಿಗೆ ಗೊತ್ತಾಗದೆ ಇರುತ್ತಾ? ಒಂದು ಹೆಣ್ಣನ್ನ ಕೇಳಬೇಕಾದ್ರೆ ಹಿಂಗೇ ಮಧ್ಯಸ್ಥನ ಕೈಲಿ ತಟ್ಟೆ ಮುಚ್ಚಿ ಕಳಿಸ್ತಾರೆ. ಒಳಗಿರೋದನ್ನ ತಗೊಂಡ್ರೆ ಒಪ್ಪಿಗೆ, ವಾಪಸ್ ಕಳಿಸಿದ್ರೆ ಇಲ್ಲ. ಅದು ಗೊತ್ತಿದ್ದಕ್ಕೇ ಅವಳಿಗೆ ನಗು ಬಂದದ್ದು. ಹೋದ ವರ್ಷವೂ ಈ ಮೇಕೆ ಹಿಂಗೇ ಒಂದು ತಟ್ಟೆ ಮುಚ್ಚಿ ಕಳಿಸಿದ್ದ. ತೆಗೆದು ನೋಡಿದ್ರೆ ಆನೆ ಲದ್ದಿ. ಇಡೀ ಲಾಡ್ಜು ನಕ್ಕು ನಕ್ಕು ಎರಡು ದಿನ ಯಾರಿಗೂ ಕೆಲಸ ಮಾಡೋಕಾಗಿರಲಿಲ್ಲ.

ಈ ಸಲ ತೆಗೆದ್ರೆ ಒಳಗೆ ಬಿಳೀ ಮಣಿಸರ, ಒಂದು ತಾಮ್ರದ ಬಳೆ.

"ಅಯ್ಯೋ ನನ್ನಪ್ಪಾ! ಮೇಕೆ ಈ ಸಲ ಖರ್ಚು ಮಾಡಿ ತಮಾಷೆ ಮಾಡಿದ್ದಾನಲ್ಲೋ!" ಅಂತ ಕಿರುಚಿದ್ಲು. ಬಾ ಲೊಂಬೆ ಗಂಟಲು ಸರಿ ಮಾಡ್ಕೊಂಡು ಏನೋ ಹೇಳೋಕೆ ಬಾಯಿ ತೆರೆದ. ಅವಳು ಕೇಳಬೇಕಲ್ಲ. ಮಣಿ ಕತ್ತಿಗೆ ಹಾಕ್ಕೊಂಡ್ಲು, ಬಳೆ ಕೈಗೆ ಏರಿಸಿದ್ಲು, ಸೊಂಟಕ್ಕೆ ಬಟ್ಟೆ ಬಿಗಿದು, ಪಾತ್ರೆ ಬಡಿದು, ಕುಣಿದ್ಲು. "ಮೇಕೆ ಆಸ್ತಿಯೆಲ್ಲ ಚಿರತೆಗೇ ಸೇರಿದ್ದು! ಹೋಗಿ ಹೇಳು ಅವನಿಗೆ, ಚರ್ಮಕ್ಕೂ ಬರ್ತೀನಿ ಅಂತ!" ಡ್ರೈವರುಗಳು ಶಿಳ್ಳೆ ಹಾಕಿದ್ರು. ಬಾ ಲೊಂಬೆ ಒಬ್ಬನೇ ನಗಲಿಲ್ಲ. ಬೆವರು ಒರೆಸ್ಕೊಂಡು ಎದ್ದು ಹೋದ.

ಮಾರನೇ ದಿನ ಬಾ ಮುಕುಪ ಊಟಕ್ಕೆ ಬಂದ. ಎಲ್ಲರೂ ಅಗಿಯೋದು ನಿಲ್ಲಿಸಿದ್ರು.

"ಬಾರೋ ಮೇಕೆ, ಕೊರಳು ಬೋಳು ಮಾಡ್ಕೊಂಡು ಬಂದ್ಯಾ?" ಅಂದ್ಲು ಬನಾ ಕಪೇಯ, ಮಣಿಸರ ಅಲ್ಲಾಡಿಸ್ತಾ.

ಅವನು ನೆಲ ನೋಡ್ದ. "ಚೆನ್ನಾಗಿದ್ದೀರಾ ಮಾಯೋ," ಅಂದ. ದೊಡ್ಡೋರನ್ನ, ತಾಯಿ ಸಮಾನರನ್ನ ಮಾತಾಡ್ಸೋ ಮಾತು ಅದು. ತಟ್ಟೆ ಎರಡು ಕೈಲಿ ಹಿಡಿದು ಮುದ್ದೆ ಹಾಕಿಸ್ಕೊಂಡ, ಮೂಲೇಲಿ ಕೂತು ತಿಂದ, ತಟ್ಟೆ ತೊಳೆದಿಟ್ಟು ಹೋದ. ಅವತ್ತು ಮುದ್ದೆ ತಳ ಹಿಡಿದಿತ್ತು. ಅದಕ್ಕೂ ಒಂದು ಮಾತಿಲ್ಲ.

ಬನಾ ಕಪೇಯ ಸೌಟು ಕೆಳಗಿಟ್ಲು. ಇದು ಜ್ವರವೇ ಸರಿ ಅಂದ್ಕೊಂಡ್ಲು. ಮೇಡಂ ಹತ್ರ ಓಡಿದ್ಲು. ಮೇಡಂ ಅವನ ಬೆರಳಿಗೆ ಸೂಜಿ ಚುಚ್ಚಿಸಿ ಮಲೇರಿಯಾ ಪರೀಕ್ಷೆ ಮಾಡಿಸಿದ್ಲು. ಏನೂ ಇಲ್ಲ. ಅವನು ಆ ಬೆರಳು ಹಿಡ್ಕೊಂಡು ಬಂದು, "ನನ್ನ ಮೇಲೆ ಇಷ್ಟು ಕಾಳಜಿ ಇಟ್ಟಿದ್ದೀರಿ ಮಾಯೋ," ಅಂತ ಹೇಳಿ ಹೋದ. ಅವಳಿಗೇ ಜ್ವರ ಬಂದಂಗಾಯ್ತು.

ಅದರ ಮಾರನೇ ದಿನ ಅವಳು ಬೇಕಂತ ಉಪ್ಪು ಸುರಿದು ಸೊಪ್ಪು ಮಾಡಿದ್ಲು. ಡ್ರೈವರುಗಳು ಉಗಿದು ಎದ್ದು ಹೋದ್ರು. ಬಾ ಮುಕುಪ ಪೂರ್ತಿ ತಿಂದ. ಕಣ್ಣಲ್ಲಿ ನೀರು ಬಂತು, ಆದ್ರೂ ತಿಂದ.

ಅವಳು ಬಾ ಲೊಂಬೆಯನ್ನ ಬಟ್ಟೆ ಒಣಗಿಸೋ ಹಗ್ಗದ ಹತ್ರ ಹಿಡಿದ್ಲು.

"ಏನಾಗಿದೆಯೋ ಅವನಿಗೆ? ಬೈತಾ ಇಲ್ಲವಲ್ಲೋ ನನ್ನ!"

ಬಾ ಲೊಂಬೆ ಕೈಲಿದ್ದ ದಿಂಬಿನ ಚೀಲ ಹಿಂಡೋದು ಬಿಟ್ಟು ಅವಳನ್ನೇ ನೋಡ್ದ. "ಇನ್ನು ಹೆಂಗೆ ಬೈತಾರೆ ಮಾಯೋ? ನೀವು ಒಪ್ಪಿದ್ರಲ್ಲ."

"ಏನು ಒಪ್ಪಿದ್ದು?"

"ಮಣಿ ಹಾಕ್ಕೊಂಡ್ರಿ, ಬಳೆ ತೊಟ್ರಿ, ಕುಣಿದ್ರಿ. ನಾನು ಎಷ್ಟೋ ಮನೆಗೆ ತಟ್ಟೆ ಹೊತ್ತಿದ್ದೀನಿ. ಯೋಚಿಸ್ತೀವಿ ಅಂತಾರೆ, ಸೋದರಮಾವನ್ನ ಕೇಳ್ತೀವಿ ಅಂತಾರೆ, ತಿಂಗಳುಗಟ್ಟಲೆ ಅಲೆದಾಡಿಸ್ತಾರೆ. ನಿಮ್ಮಷ್ಟು ಬೇಗ ಒಪ್ಪಿದ ಹೆಂಗಸನ್ನ ನಾನು ಕಂಡೇ ಇಲ್ಲ."

"ತಮಾಷೆ ಅಲ್ವೇನೋ ಅದು? ಹೋದ ವರ್ಷ ಲದ್ದಿ ಕಳಿಸಿರಲಿಲ್ವೇನೋ?"

"ಲದ್ದಿಗೆ ನಾನು ಕೋಟು ಹಾಕ್ಕೊಂಡು ಬಂದಿದ್ನಾ?"

ಅದು ನಿಜ. ಬನಾ ಕಪೇಯ ಅಲ್ಲೇ ಒಗೆಯೋ ಕಲ್ಲಿನ ಮೇಲೆ ಕೂತ್ಲು. ಕಲ್ಲು ಬಿಸಿಲಿಗೆ ಕಾದು ಹೆಂಚಾಗಿತ್ತು, ಕೂತಷ್ಟೇ ಬೇಗ ಎದ್ಲು. ಬಾ ಲೊಂಬೆ ಉಳಿದದ್ದನ್ನೂ ಹೇಳಿದ. ಬಾ ಮುಕುಪ ಈ ಸಲ ಊರಿಗೆ ಹೋದ್ರೆ ಮತ್ತೆ ಬರೋದಿಲ್ಲ. ಕಣ್ಣು ಮೊದಲಿನ ಹಾಗಿಲ್ಲ, ಗೈಡಿನ ಕೆಲಸ ಸಾಕು ಅಂದಿದ್ದಾನೆ. ಮೇಲೆ ಬೆಟ್ಟದ ಕಡೆ, ಎಂಪಿಕಾ ಹತ್ರ ಅವನಿಗೊಂದು ಮನೆ, ಎರಡು ಬಾಳೆ ಹಿಂಡಿಲು, ಜೇನುಪೆಟ್ಟಿಗೆ ಇವೆ. ಒಬ್ಬನೇ ಹೋಗಬಾರದು ಅಂತ ಆಸೆ.

"ಬೇಡ ಅಂದ್ರೆ ಬಳೆ ವಾಪಸ್ ಕೊಡಿ, ನಾನೇ ತಗೊಂಡು ಹೋಗ್ತೀನಿ," ಅಂದ ಬಾ ಲೊಂಬೆ. "ಆದ್ರೆ ಬೆಟ್ಟದ ಕಡೆ ಹೋಗೋ ಲಾರಿ ಹೊರಡೋದ್ರೊಳಗೆ."

ಅವಳು ಬಳೆಗೆ ಅಡುಗೆ ಎಣ್ಣೆ ಹಚ್ಚಿದ್ಲು, ಸೋಪು ಹಚ್ಚಿದ್ಲು. ಬರಲಿಲ್ಲ. ಜೋರಾಗಿ ಎಳೆದಿದ್ರೆ ಬರ್ತಿತ್ತೋ ಏನೋ. ಜೋರಾಗಿ ಎಳೀಲಿಲ್ಲ.

ಒಪ್ಪೋಕೂ ಭಯ. ಯಾಕೆ ಅಂತೀರಾ? ಕಪೇಯನ ಅಪ್ಪ ಮಳೆ ಬೆಡಗಿನೋನು, ದೇವರಂಥ ಮನುಷ್ಯ. ಒಂದು ದಿನವೂ ಹೊಡೆಯಲಿಲ್ಲ, ಬೈಯಲಿಲ್ಲ, ಮಾತೂ ಆಡಲಿಲ್ಲ. ಅವನ ಜೊತೆ ಅಷ್ಟು ವರ್ಷ ಬಾಳಿ ಬನಾ ಕಪೇಯಳ ನಾಲಿಗೆ ತುಕ್ಕು ಹಿಡಿದು ಹೋಗಿತ್ತು. ಲಾಡ್ಜಿಗೆ ಬಂದು, ಈ ಮೇಕೆ ಸಿಕ್ಕಿ, ಮೊದಲನೇ ದಿನವೇ "ಏನೇ ಚಿರತೆ, ಚುಕ್ಕಿ ಎಲ್ಲಾ ಮುಖಕ್ಕೇ ಬಂದಿವೆಯಲ್ಲ" ಅಂದಾಗ ಅವಳಿಗೆ ಹೋದ ಜೀವ ಬಂದಂಗಾಗಿತ್ತು. ಈಗ ಬೇಡ ಅಂದ್ರೆ ಅವನು ಲಾರಿ ಹತ್ತಿ ಹೋಗ್ತಾನೆ. ಹೂಂ ಅಂದ್ರೆ ಬೈಯೋ ಮೇಕೆ ಹೋಗಿ, ಉಪ್ಪು ನುಂಗ್ಕೊಂಡು ಕೂರೋ ಗಂಡ ಸಿಕ್ತಾನೆ. ಎರಡರಲ್ಲಿ ಯಾವುದನ್ನ ಹಿಡಿದ್ರೂ ಕೈ ಖಾಲಿ.

ಕೊನೇ ಅತಿಥಿಗಳು ಹೋದ ದಿನ ಸಂಜೆ, ಬಿಸಿಲು ಇಳಿಯೋ ಹೊತ್ತಿಗೆ, ಬಾ ಮುಕುಪ ಖಾಲಿ ಜೀಪು ತಂದು ಚಪ್ಪರದ ಮುಂದೆ ನಿಲ್ಲಿಸಿದ.

"ಮಾಯೋ, ಬರ್ತೀರಾ? ನಿಮ್ಮೋರನ್ನ ಒಂದು ಸಲ ತೋರಿಸ್ತೀನಿ."

ಅತಿಥಿಗಳು ಕೂರೋ ಮೆತ್ತನೇ ಸೀಟಿನಲ್ಲಿ ಬನಾ ಕಪೇಯ ಎರಡು ಕೈಲಿ ಕಂಬಿ ಹಿಡಿದು ಕೂತ್ಲು. ಜೀಪು ಗುಂಡಿಗೆ ಬಿದ್ದಾಗೆಲ್ಲ "ಸತ್ತೆ!" ಅಂದ್ಲು. ಒಣಗ್ತಿದ್ದ ಹೊಂಡದಲ್ಲಿ ನೀರಾನೆಗಳು ಒತ್ತೊತ್ತಾಗಿ ಮಲಗಿದ್ವು. "ನನ್ನ ಸಂಸಾರವೇ ಬಂದಿದೆಯಲ್ಲ, ನೋಡು ಆ ಸೊಂಟ" ಅಂದ್ಲು. ಅವನು ನಗ್ತಾನೆ ಅಂತ ಕಾದ್ಲು. ಅವನ ಭುಜ ಒಂಚೂರು ಅಲುಗಿತು, ಅಷ್ಟೇ. "ಕೈ ಒಳಗಿಟ್ಕೊಳ್ಳಿ ಮಾಯೋ" ಅಂದ. ಜಿರಾಫೆ ಕತ್ತು ಚಾಚಿ ಇವರನ್ನ ನೋಡ್ತು. ಇಂಪಾಲ ಜಿಂಕೆಗಳು ಒಂದೇ ಕಡೆ ತಿರುಗಿ ನಿಂತು ಮೂಗಲ್ಲಿ ಬುಸ್ ಬುಸ್ ಅಂತಿದ್ವು. ಬಾ ಮುಕುಪ ಜೀಪು ನಿಲ್ಲಿಸಿ, ತುಟಿ ಮೇಲೆ ಬೆರಳಿಟ್ಟು, ಒಂದು ಮರ ತೋರಿಸಿದ. ಉದ್ದುದ್ದ ಸೋರೆಕಾಯಂಥ ಕಾಯಿ ನೇತಾಡೋ ಮರ.

"ಎಲ್ಲೋ?"

"ಶ್."

"ಕಾಯಿ ಕಾಣ್ತಾವೆ ಅಷ್ಟೇ."

"ಬಾಲ ಇರೋ ಕಾಯಿ ನೋಡಿ."

ಆಮೇಲೆ ಕಂಡ್ತು. ಕೊಂಬೆ ಮೇಲೆ ನಾಲ್ಕೂ ಕಾಲು ಇಳಿಬಿಟ್ಟು, ಒಲೆ ಪಕ್ಕ ಮಲಗೋ ಬೆಕ್ಕಿನಂಗೆ ಮಲಗಿತ್ತು. ಕಣ್ಣು ಅರ್ಧ ತೆರೆದು ಬನಾ ಕಪೇಯಳನ್ನ ನೋಡ್ತು. ಹಿಂಗೆ ನೋಡ್ತು, ಹಂಗೆ ನೋಡ್ತು, ಆಕಳಿಸ್ತು. ಹಲ್ಲು ಪೂರ್ತಿ ಇದ್ವು.

ಬನಾ ಕಪೇಯ ಕಂಬಿ ಬಿಟ್ಟು, ಮುಂದಕ್ಕೆ ಬಾಗಿ ಅದನ್ನೇ ನೋಡ್ತಾ ಕೂತ್ಲು. ಎಷ್ಟು ಹೊತ್ತು ಅಂತ ಕೇಳಿದ್ರೆ ಅವಳು ಒಂದು ಮಳೆಗಾಲ ಅಂತಾಳೆ.

ಕೊನೆಗೆ, ಉಸಿರಲ್ಲೇ ಕೇಳಿದ್ಲು. "ಯಾಕೆ ಬೈತಿಲ್ಲ ನನ್ನ?"

ಅವನೂ ಉಸಿರಲ್ಲೇ ಹೇಳಿದ, ಚಿರತೆ ಮೇಲಿಂದ ಕಣ್ಣು ತೆಗೀದೆ. "ಹೆಂಡತಿಯಾಗೋಳನ್ನ ಬೈತಾರಾ? ನನ್ನ ಹೆಂಡತಿಗೆ ಒಂದು ದಿನವೂ ಕೆಟ್ಟ ಮಾತಾಡಿಲ್ಲ ನಾನು. ನಮ್ಮಪ್ಪನೂ ನಮ್ಮವ್ವಂಗೆ ಆಡಿಲ್ಲ."

"ಹಂಗಿದ್ರೆ ನನಗೆ ಬೇಡ."

"ಬೇಡ ಅಂದ್ರೆ ಬಳೆ ಕೊಡಿ."

"ಬಳೆ ಬರ್ತಿಲ್ಲ."

ಅವನು ತಿರುಗಿ ನೋಡ್ದ. ಬಳೆ ನೋಡ್ದ, ಎಣ್ಣೆ ಸೋಪು ಹಚ್ಚಿ ಕೆಂಪಾದ ಮಣಿಕಟ್ಟು ನೋಡ್ದ. "ನನಗೆ ಬೇರೆ ಥರ ಗೊತ್ತಿಲ್ಲ," ಅಂದ. "ಮಾಯೋ ಅಂತ ಕರೆಯೋಕೆ ನನಗೇನು ಸುಖ ಅಂದ್ಕೊಂಡ್ರಾ? ಮೊನ್ನೆಯ ಸೊಪ್ಪು ತಿಂದು ಬಾಯಿ ಸುಟ್ಟು ಹೋಗಿದೆ, ನಾಲಿಗೆ ತುದೀಲಿ ಬೈಗುಳ ರಾಶಿ ಬಿದ್ದಿದೆ. ಮರ್ಯಾದೆಗೆ ನುಂಗ್ಕೊಂಡು ಕೂತಿದ್ದೀನಿ."

"ಉಗುಳೋ ಮತ್ತೆ! ಅದಕ್ಕೇ ಅಲ್ವೇನೋ ಅಷ್ಟು ಉಪ್ಪು ಸುರಿದಿದ್ದು!" ಅಂತ ಅವಳು ಕೂಗೇಬಿಟ್ಲು.

ಚಿರತೆ ಎದ್ದು, ಬೆನ್ನು ಬಿಲ್ಲು ಮಾಡಿ ಮೈಮುರಿದು, ಮರದಿಂದ ನೀರು ಸುರಿದಂಗೆ ಇಳಿದು, ಹುಲ್ಲೊಳಗೆ ಹೋಗ್ಬಿಡ್ತು. ಅಷ್ಟು ವರ್ಷ ಕಾದು ಕಂಡ ನೆಂಟನನ್ನ ಬನಾ ಕಪೇಯ ತಾನೇ ಬಾಯಿ ಮಾಡಿ ಓಡಿಸಿದ್ಲು.

ವಾಪಸ್ ಬರೋ ದಾರೀಲಿ ಬಾ ಮುಕುಪ ಒಂದೇ ಮಾತಾಡಿದ್ದು. "ನಾಳೆ ಮಧ್ಯಾಹ್ನ ಲಾರಿ. ನನ್ನ ಮನಸ್ಸು ತಟ್ಟೇಲಿ ಇಟ್ಟು ಕಳಿಸಿದ್ದೀನಿ. ನಿಮ್ಮದನ್ನೂ ತಟ್ಟೇಲೇ ಇಟ್ಟು ಹೇಳಿ."

ಅದೂ ಪದ್ಧತಿಯೇ. ಹೆಣ್ಣಿನ ಕಡೆಯೋರು ಒಪ್ಪಿದ್ರೆ ಗಂಡಿಗೆ ಬೆಂಕಿ ತೋರಿಸ್ಬೇಕು, ಅಂದ್ರೆ ಅಡುಗೆ ಮಾಡಿ ಮುಚ್ಚಿ ಕಳಿಸ್ಬೇಕು. ಇಡೀ ಕೋಳಿ ಕಳಿಸಿದ್ರೆ ಸಂತೋಷವಾಗಿ ಒಪ್ಪಿದ್ದೀವಿ ಅಂತ. ಅವನ ಮಣಿ ಬಳೆ ವಾಪಸ್ ಬಂದ್ರೆ ದಾರಿ ನೋಡ್ಕೋ ಅಂತ. ಅವನು ಅವಳ ಒಲೆ ಮೇಲೆ ಬೆಂದದ್ದನ್ನ ತಿಂದೇ ಇಷ್ಟು ದೊಡ್ಡ ಹೊಟ್ಟೆ ಬೆಳೆಸಿದ್ದು ನಿಜ, ಆದ್ರೆ ಅದು ಲಾಡ್ಜಿನ ಬೆಂಕಿ, ಅದು ಲೆಕ್ಕಕ್ಕಿಲ್ಲ.

ಮಾರನೇ ದಿನ ಬೆಳಕು ಹರಿಯೋ ಮೊದಲೇ ಬನಾ ಕಪೇಯ ಚಪ್ಪರದಲ್ಲಿದ್ಲು. ಬಾ ಲೊಂಬೆ ಒಂದು ಕೋಳಿ ತಂದು ಕೊಟ್ಟ, ಕೇಳದೇನೇ. ಅದರ ಕಾಲು ಕಟ್ಟಿ ಮೂಲೇಲಿ ಬಿಟ್ಲು. ಕೋಳಿ ಅವಳನ್ನ ನೋಡ್ತು, ಅವಳು ಕೋಳಿನ ನೋಡಿದ್ಲು. ಇದನ್ನ ಕೊಯ್ದು ಕಳಿಸಿದ್ರೆ ಉಪ್ಪಿನ ಗಂಡ. ಬಳೆ ಕಳಿಸಿದ್ರೆ ಖಾಲಿ ಚಪ್ಪರ. ಮೂರನೇದು ಏನಾದ್ರೂ ಇರಬೇಕಲ್ಲ ಅಂತ ಒಲೆ ಸುತ್ತ ತಿರುಗಿದ್ಲು, ಬೂದಿ ಕೆದಕಿದ್ಲು, ಡಬ್ಬಿಗಳನ್ನೆಲ್ಲ ತೆಗೆದು ಮೂಸಿ ನೋಡಿದ್ಲು. ಡ್ರೈವರುಗಳು ಗಂಟು ಕಟ್ಟೋದು ಬಿಟ್ಟು ಬೇಲಿ ಹಿಂದೆ ಇಣುಕ್ತಿದ್ರು. ಮೇಡಂ ಕೂಡ ಏನೋ ಕೆಲಸ ಇದ್ದಂಗೆ ಮಾಡ್ಕೊಂಡು ನಾಲ್ಕು ಸಲ ಹಾದು ಹೋದ್ಲು.

ಬಿಸಿಲು ನೆತ್ತಿಗೆ ಬಂದಾಗ ಚಪ್ಪರದ ಒಳಗಿಂದ ನಗು ಕೇಳಿಸ್ತು. ಮೊದಲು ಸಣ್ಣಗೆ, ಆಮೇಲೆ ಪಾತ್ರೆ ಅಲುಗೋ ಹಾಗೆ. "ತಿರುಗಿ ನಿಂತ್ಕೊಳ್ರೋ ಎಲ್ಲಾ!" ಅಂತ ಕೂಗಿದ್ಲು. ಎಲ್ಲರೂ ತಿರುಗಿ ನಿಂತ್ರು. ಮೇಡಂ ಕೂಡ.

ಬಾ ಲೊಂಬೆ ಕೋಟು ಹಾಕ್ಕೊಂಡು ತಟ್ಟೆ ಹೊರೋಕೆ ಬಂದ. ಅವಳು ಕೊಡಲಿಲ್ಲ. ಹೆಣ್ಣು ತಾನೇ ಹೊತ್ಕೊಂಡು ಹೋಗೋದು ಎಲ್ಲೂ ಇಲ್ಲದ್ದು. ಅವಳು ಮುಚ್ಚಿದ ತಟ್ಟೆ ತಲೆ ಮೇಲಿಟ್ಕೊಂಡು ಲಾರಿ ಕಡೆ ಹೊರಟೇಬಿಟ್ಲು. ಹಿಂದೆ ಇಡೀ ಲಾಡ್ಜು. ಅರ್ಧ ದಾರೀಲಿ ಒಂದು ಆನೆ ಅಡ್ಡ ನಿಂತು ಮಾವಿನ ಮರ ಅಲ್ಲಾಡಿಸ್ತಿತ್ತು. ಎಲ್ಲರೂ ಅದು ಹೋಗೋವರೆಗೆ ಕಾದು ನಿಂತ್ರು, ಅವಳ ತಲೆ ಮೇಲಿನ ತಟ್ಟೆ ಮಾತ್ರ ಸಣ್ಣಗೆ ಟಿಕ್ ಟಿಕ್ ಅಂತಿತ್ತು. ಒಳಗೆ ಏನು ಅಲ್ಲಾಡ್ತಿತ್ತೋ, ಗೊತ್ತಿಲ್ಲ.

ಬಾ ಮುಕುಪ ಲಾರಿ ನೆರಳಲ್ಲಿ ಚಾಪೆ ಹಾಸಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಮೀಸೆ. ಅವಳು ತಟ್ಟೆ ಇಳಿಸಿ ಅವನ ಮುಂದಿಟ್ಟು, ಮೊಣಕಾಲೂರಿ ಕೂತು, ನೆಲ ನೋಡಿದ್ಲು. ನಾಚಿಕೆಯಿಂದ ಅಂತ ಎಲ್ಲರೂ ತಿಳ್ಕೊಂಡ್ರು. ಅವಳ ಹೊಟ್ಟೆ ಕುಲುಕ್ತಿದ್ದದ್ದು ಹತ್ತಿರದಲ್ಲಿದ್ದೋರಿಗೆ ಮಾತ್ರ ಕಂಡ್ತು.

ಅವನು ಮೇಲಿನ ತಟ್ಟೆ ತೆಗೆದ. ನೋಡ್ದ. ಮತ್ತೆ ಮುಚ್ಚಿದ. ಇನ್ನೊಂದು ಸಲ ತೆಗೆದು ನೋಡ್ದ. ಅವನ ಭುಜ ಅಲುಗೋಕೆ ಶುರುವಾಯ್ತು. ಅಳ್ತಿದ್ದಾನೆ ಅಂದ್ರು ಕೆಲವರು, ಅಲ್ಲ ಅಂದ್ರು ಕೆಲವರು. ಅವನು ಕಣ್ಣೊರೆಸ್ಕೊಂಡು, ಇಡೀ ಲಾಡ್ಜು ಕೇಳೋ ಹಂಗೆ ಬಾಯಿ ತೆರೆದ.

ಕೋಳಿ ಇನ್ನೂ ಚಪ್ಪರದ ಮೂಲೇಲಿ ಕೊಕ್ ಕೊಕ್ ಅಂತಿತ್ತು. ಬಳೆ ಇನ್ನೂ ಅವಳ ಕೈಲೇ ಇತ್ತು. ಹಂಗಿದ್ರೆ ತಟ್ಟೇಲಿ ಏನಿತ್ತು? ಮೇಕೆ ಏನಂತ ಕೂಗಿದ? ಲಾರಿ ಹೊರಟಾಗ ಅದರಲ್ಲಿ ಒಬ್ಬನೇ ಇದ್ನಾ, ಇಬ್ಬರಿದ್ರಾ?

ಎಲ್ಲಾ ನಾನೇ ಹೇಳ್ಬೇಕಾ? ನಿಮಗೂ ಒಂದು ಒಲೆ ಇದೆ, ಒಂದು ನಾಲಿಗೆ ಇದೆ. ನೀವೇ ಹೇಳಿ, ಕೇಳ್ತೀನಿ.